ನೆಲದ ಮೇಲೆ ಉಳಿಯುವ ಗುರುತುಗಳು



ಪವಿತ್ರ ಕುರ್‌ಆನನ್ನು ಅರ್ಥ ತಿಳಿದು ಓದುವವರಿಗೆ ಒಂದು ಆದೇಶ ಮತ್ತೆ ಮತ್ತೆ ಎದುರಾಗುತ್ತದೆ. ಭೂಮಿಯ ಮೇಲೆ ಸಂಚರಿಸಬೇಕು, ನಮಗಿಂತ ಮುಂಚೆ ಬಾಳಿ ಹೋದವರ ಪರಿಣಾಮ ಏನಾಯಿತೆಂದು ಕಣ್ಣಾರೆ ನೋಡಬೇಕು ಎಂಬುದೇ ಆ ಆದೇಶ. ಇದನ್ನು ಓದಿದಾಗ ನಮ್ಮ ಮನಸ್ಸು ಆದ್ ಮತ್ತು ಸಮೂದ್ ಜನಾಂಗಗಳ ಕಡೆಗೆ, ಫಿರ್‌ಔನನ ಕಡೆಗೆ, ಸಬಾ ನಾಡಿನ ಒಡೆದುಹೋದ ಕಟ್ಟೆಯ ಕಡೆಗೆ ಓಡುತ್ತದೆ. ಅವರು ದೊಡ್ಡ ದೊಡ್ಡ ಕಟ್ಟಡಗಳನ್ನು ಕಟ್ಟಿದವರು. ಅವರ ಅಹಂಕಾರವೂ ದೊಡ್ಡದು, ಪತನವೂ ದೊಡ್ಡದು. ನಾವು ಅವರಂತಲ್ಲವೆಂದು ಸಮಾಧಾನಪಟ್ಟುಕೊಂಡು ಪುಟ ಮಗುಚುತ್ತೇವೆ.

ಆದರೆ ಸೂರಃ ಹೂದ್‌ನ 100ನೆಯ ಸೂಕ್ತವನ್ನು ಸ್ವಲ್ಪ ನಿಂತು ಓದಿ ನೋಡಿ. ಗತಿಸಿದ ಊರುಗಳ ವೃತ್ತಾಂತಗಳನ್ನು ಹೇಳಿದ ಬಳಿಕ ಅಲ್ಲಾಹನು ಅವುಗಳನ್ನು ಎರಡು ಬಗೆಯಾಗಿ ವಿಂಗಡಿಸುತ್ತಾನೆ. ಕೆಲವು ಇನ್ನೂ ನಿಂತಿವೆ, ಕೆಲವು ಕೊಯ್ಲಾದ ಹೊಲದಂತಾಗಿವೆ. ಕೊಯ್ಲಾದ ಹೊಲವನ್ನು ನೀವು ಕಂಡಿದ್ದೀರಿ. ಪೈರು ಇರುವುದಿಲ್ಲ, ಆದರೆ ಕೂಳೆ ಇರುತ್ತದೆ. ಯಾವ ಸಾಲಿನಲ್ಲಿ ಏನು ಬೆಳೆದಿತ್ತು, ಬದು ಎಲ್ಲಿತ್ತು, ನೀರು ಎಲ್ಲಿಂದ ಹರಿದಿತ್ತು ಎಂಬುದನ್ನು ಬಲ್ಲ ರೈತನು ಆ ಕೂಳೆಯನ್ನು ನೋಡಿಯೇ ಹೇಳಬಲ್ಲನು. ಹಾಗೆಯೇ ಕೊಯ್ಲಾಗಿ ಹೋದ ಒಂದು ಸಣ್ಣ ಹಳ್ಳಿಯ ಕೂಳೆಯನ್ನು ಇಂದು ನಾವು ಒಟ್ಟಿಗೆ ನೋಡೋಣ. ಅಲ್ಲಿ ಅರಮನೆಯಿಲ್ಲ, ಕೋಟೆಯಿಲ್ಲ. ನಮ್ಮಂತಹ ಸಾಮಾನ್ಯರು ಉತ್ತು ಬಿತ್ತಿ, ಮಕ್ಕಳನ್ನು ಸಾಕಿ, ಸತ್ತು ಹೋದ ಊರು ಅದು.

ಹುಲ್ಲಿನ ಕೆಳಗೆ ಒಂದು ಊರು

ಇಂಗ್ಲೆಂಡಿನ ಉತ್ತರ ಭಾಗದಲ್ಲಿ ಯಾರ್ಕ್‌ಷೈರ್ ಎಂಬ ಸೀಮೆಯಿದೆ. ಅಲ್ಲಿ ಸೀಮೆಸುಣ್ಣದಂತಹ ಬಿಳಿಯ ಮೆದುಕಲ್ಲಿನ ಗುಡ್ಡಗಳ ಸಾಲೊಂದಿದೆ. ಆ ಗುಡ್ಡಗಳ ನಡುವೆ ವಾರಮ್ ಪರ್ಸಿ ಎಂಬ ಜಾಗವಿದೆ. ಮಾಡು ಹೋದ ಒಂದು ಹಳೆಯ ಇಗರ್ಜಿಯನ್ನು ಬಿಟ್ಟರೆ ಅಲ್ಲಿ ಮಧ್ಯಯುಗದ ಕಟ್ಟಡವೆನ್ನಬಹುದಾದುದು ಯಾವುದೂ ನಿಂತಿಲ್ಲ. ಸುತ್ತಲೂ ಹಸಿರು ಹುಲ್ಲು. ಮಧ್ಯಾಹ್ನದ ಬಿಸಿಲಿನಲ್ಲಿ ನೋಡಿದವನಿಗೆ ಅದೊಂದು ಏರುತಗ್ಗಿನ ಗೋಮಾಳವೆಂದಷ್ಟೇ ತೋರುತ್ತದೆ.

ಆದರೆ ಸೂರ್ಯನು ಪಡುವಣಕ್ಕೆ ಇಳಿದಾಗ ನೆರಳುಗಳು ಉದ್ದವಾಗುತ್ತವೆ. ಆಗ ಹುಲ್ಲಿನ ಅಡಿಯಿಂದ ಒಂದು ಊರು ಮೇಲೆದ್ದು ಬರುತ್ತದೆ. ಮೊಣಕಾಲೆತ್ತರದ ದಿಬ್ಬಗಳು ಚೌಕಾಕಾರದಲ್ಲಿ ಕಾಣುತ್ತವೆ. ಅವು ಮನೆಗಳ ಅಡಿಪಾಯಗಳು. ಅವುಗಳ ಹಿಂದೆ ಉದ್ದನೆಯ ಗೆರೆಗಳಂತೆ ಹರಿದ ಬದುಗಳು ಹಿತ್ತಲುಗಳ ಗಡಿಗಳು. ಮಧ್ಯೆ ತಗ್ಗಾಗಿ ಓಡುವ ಕಾಲುವೆಯಂತಹದು ಕಾಲುವೆಯಲ್ಲ, ಅದು ಊರಿನ ಬೀದಿ. ಕಣಿವೆಯಲ್ಲಿ ಒಂದು ಕೆರೆಯ ಏರಿಯೂ ಇದೆ. ತಲೆಮಾರುಗಳ ಕಾಲ ಮನುಷ್ಯರ ಪಾದಗಳೂ ದನಗಳ ಗೊರಸುಗಳೂ ಗಾಡಿಯ ಚಕ್ರಗಳೂ ತುಳಿದು ತುಳಿದು ಆ ಬೀದಿ ನೆಲದೊಳಗೆ ಇಳಿದುಬಿಟ್ಟಿದೆ.

ಇಂತಹ ಊರುಗಳ ಸುತ್ತಲಿನ ಹೊಲಗಳೂ ಹೀಗೆಯೇ ಗುರುತು ಉಳಿಸಿಕೊಂಡಿವೆ. ಎತ್ತುಗಳನ್ನು ಕಟ್ಟಿ ಭಾರವಾದ ನೇಗಿಲಿನಿಂದ ವರ್ಷ ವರ್ಷವೂ ಒಂದೇ ಕಡೆಗೆ ಮಣ್ಣು ಮಗುಚುತ್ತಿದ್ದುದರಿಂದ ಹೊಲದಲ್ಲಿ ಅಲೆಗಳಂತೆ ಏರು ತಗ್ಗುಗಳಾದವು. ಅಂತಹ ಒಂದು ಸಾಲಿನ ಉದ್ದವೇ ಮುಂದೆ ಅಳತೆಯ ಹೆಸರಾಯಿತು. ನಮ್ಮ ಹಿರಿಯರು ದಾರಿಯ ದೂರವನ್ನು ಹೇಳುವಾಗ ಬಳಸುತ್ತಿದ್ದ ‘ಫರ್ಲಾಂಗು’ ಎಂಬ ಪದಕ್ಕೆ ಮೂಲದಲ್ಲಿ ನೇಗಿಲ ಸಾಲಿನ ಉದ್ದ ಎಂದೇ ಅರ್ಥ. ನೇಗಿಲು ಹಿಡಿದ ಆ ರೈತರ ಹೆಸರು ಯಾರಿಗೂ ಗೊತ್ತಿಲ್ಲ. ಅವರು ನಡೆದ ಸಾಲು ಮಾತ್ರ ನಮ್ಮ ನಾಲಿಗೆಯವರೆಗೆ ಬಂದು ತಲುಪಿದೆ.

ಮಾರಿಸ್ ಬೆರೆಸ್‌ಫೋರ್ಡ್ ಎಂಬ ಇತಿಹಾಸಕಾರರು 1950ರಲ್ಲಿ ಇಲ್ಲಿ ಅಗೆತವನ್ನು ಆರಂಭಿಸಿದರು. ಜಾನ್ ಹರ್ಸ್ಟ್ ಎಂಬ ಪುರಾತತ್ವ ತಜ್ಞರು 1952ರಲ್ಲಿ ಅವರೊಂದಿಗೆ ಸೇರಿಕೊಂಡರು. ಪ್ರತಿ ಬೇಸಿಗೆಯಲ್ಲಿ ಕೆಲವು ವಾರಗಳಂತೆ ಈ ಕೆಲಸ 1990ರವರೆಗೆ, ಅಂದರೆ 40 ವರ್ಷ ನಡೆಯಿತು. ಸ್ವಯಂಸೇವಕರು ಬಂದು ಮಣ್ಣು ಕೆದಕಿದರು, ಜರಡಿ ಹಿಡಿದರು, ಅಳೆದರು, ಬರೆದಿಟ್ಟರು. ನಮ್ಮ ಉತ್ತರ ಕರ್ನಾಟಕದ ಹಳೆಯ ಮನೆಗಳಂತೆಯೇ ಅಲ್ಲಿಯೂ ದನಕರುಗಳೂ ಜನರೂ ಒಂದೇ ಮಾಡಿನ ಕೆಳಗೆ ಇರುತ್ತಿದ್ದ ಮನೆಗಳಿದ್ದವು. ಮಧ್ಯಯುಗದ ಇಂಗ್ಲೆಂಡಿನಲ್ಲಿ ಹೀಗೆ ಬರಿದಾದ ಹಳ್ಳಿಗಳು ಒಂದೆರಡಲ್ಲ. ಸುಮಾರು 3,000 ಹಳ್ಳಿಗಳನ್ನು ಸಂಶೋಧಕರು ಗುರುತಿಸಿದ್ದಾರೆ.

ದೀಪ ಆರಿದ್ದು ಹೇಗೆ?

ಇಷ್ಟು ಹಳ್ಳಿಗಳು ಬರಿದಾದುದಕ್ಕೆ ಕಾರಣವೇನೆಂದು ಕೇಳಿದರೆ ಹೆಚ್ಚಿನವರು ಪ್ಲೇಗು ಎಂದು ಥಟ್ಟನೆ ಹೇಳಿಬಿಡುತ್ತಾರೆ. 1348 ಮತ್ತು 1349ರಲ್ಲಿ ಇಂಗ್ಲೆಂಡನ್ನು ಹೊಕ್ಕ ಆ ಮಹಾಮಾರಿ ದೇಶದ ಜನಸಂಖ್ಯೆಯ ಮೂರನೆಯ ಒಂದು ಭಾಗದಿಂದ ಅರ್ಧದವರೆಗೂ ಕಬಳಿಸಿತೆಂದು ಅಂದಾಜು. ಅದು ಕ್ರೈಸ್ತ ನಾಡುಗಳನ್ನು ಮಾತ್ರ ಹುಡುಕಿಕೊಂಡು ಹೋದ ರೋಗವಾಗಿರಲಿಲ್ಲ. ಅದೇ ಕಾಲದಲ್ಲಿ ಕೈರೋ, ದಮಸ್ಕಸ್, ಟ್ಯೂನಿಸ್ ನಗರಗಳೂ ನರಳಿದವು. ಖ್ಯಾತ ಚಿಂತಕ ಇಬ್ನ್ ಖಲ್ದೂನ್‌ರು ಅದೇ ಪ್ಲೇಗಿನಲ್ಲಿ ತಂದೆತಾಯಿಯನ್ನು ಕಳಕೊಂಡರು. ನಮ್ಮ ಹೊನ್ನಾವರ, ಬಾರ್ಕೂರು, ಮಂಗಳೂರುಗಳನ್ನು ಕಂಡು ಬರೆದ ಇಬ್ನ್ ಬತೂತಾ 1348ರಲ್ಲಿ ದಮಸ್ಕಸ್‌ನಲ್ಲಿದ್ದರು. ಅಲ್ಲಿಯ ಮುಸ್ಲಿಮರು ಮೂರು ದಿನ ಉಪವಾಸವಿದ್ದು, ಬರಿಗಾಲಿನಲ್ಲಿ ಕುರ್‌ಆನ್ ಹಿಡಿದು ಪ್ರಾರ್ಥಿಸುತ್ತಾ ನಡೆದುದನ್ನೂ, ಯಹೂದಿಯರು ಮತ್ತು ಕ್ರೈಸ್ತರು ತಂತಮ್ಮ ಗ್ರಂಥಗಳನ್ನು ಹಿಡಿದು ಅದೇ ದಾರಿಯಲ್ಲಿ ಜೊತೆಯಾದುದನ್ನೂ ಅವರು ದಾಖಲಿಸಿದ್ದಾರೆ. ಪ್ಲೇಗಿನಲ್ಲಿ ಸತ್ತ ವಿಶ್ವಾಸಿಗೆ ಹುತಾತ್ಮನ ಪ್ರತಿಫಲವಿದೆಯೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಆದುದರಿಂದ ಹಾಳೂರೊಂದನ್ನು ಕಂಡ ತಕ್ಷಣ, ಇವರು ಪಾಪಿಗಳು, ಇವರ ಮೇಲೆ ಶಿಕ್ಷೆ ಎರಗಿತು ಎಂದು ತೀರ್ಪು ಕೊಡುವ ಅಧಿಕಾರ ನಮಗಿಲ್ಲ. ಅದು ಅಲ್ಲಾಹನಿಗೆ ಮಾತ್ರ ಗೊತ್ತಿರುವ ವಿಷಯ.

ನಿಜಕ್ಕೂ ವಾರಮ್ ಪರ್ಸಿಯನ್ನು ಬರಿದುಮಾಡಿದ್ದು ಪ್ಲೇಗಲ್ಲ. ರೋಗ ಬಂದು ಹೋಗಿ ಸುಮಾರು 20 ವರ್ಷಗಳ ಮೇಲೆ, 1368ರ ಹೊತ್ತಿಗೆ, ಅಲ್ಲಿ ಸುಮಾರು 30 ಮನೆಗಳಲ್ಲಿ ಜನರಿದ್ದರು. ಬದುಕುಳಿದವರು ಸತ್ತವರನ್ನು ಮಣ್ಣು ಮಾಡಿ ಮತ್ತೆ ನೇಗಿಲು ಹಿಡಿದಿದ್ದರು. ಆದರೆ ಜನ ಕಡಿಮೆಯಾದಂತೆ ಕೂಲಿ ದುಬಾರಿಯಾಯಿತು, ಧಾನ್ಯದ ಬೆಲೆ ಬಿದ್ದಿತು. ಇತ್ತ ಉಣ್ಣೆಗೆ ಒಳ್ಳೆಯ ಬೇಡಿಕೆಯಿತ್ತು. ನೂರು ಜನ ದುಡಿಯುವ ಹೊಲವನ್ನು ಹುಲ್ಲುಗಾವಲು ಮಾಡಿದರೆ ಒಬ್ಬಿಬ್ಬರು ಕುರುಬರೂ ಒಂದು ನಾಯಿಯೂ ಸಾಕು. ಈ ಲೆಕ್ಕ ಭೂಮಾಲಿಕರಿಗೆ ರುಚಿಸಿತು. 1458ರ ಹೊತ್ತಿಗೆ ಆ ಊರಿನಲ್ಲಿ ಉಳಿದದ್ದು 16 ಮನೆಗಳು. ಆಮೇಲೆ, 1500ರ ಆಸುಪಾಸಿನಲ್ಲಿ, ಕೊನೆಯ ನಾಲ್ಕು ಕುಟುಂಬಗಳನ್ನು ಒಡೆಯನು ಒಕ್ಕಲೆಬ್ಬಿಸಿದನು. ಮನೆಗಳು ಬಿದ್ದವು, ನೇಗಿಲುಗಳು ನಿಂತವು, ಕುರಿಗಳು ಒಳಬಂದವು.

ಇದು ಒಂದೇ ಊರಿನ ಕತೆಯಾಗಿರಲಿಲ್ಲ. 1489ರಲ್ಲಿಯೇ ಆ ದೇಶದ ಸಂಸತ್ತು ಹಳ್ಳಿಗಳನ್ನು ಹೀಗೆ ಹಾಳುಗೆಡವುವುದರ ವಿರುದ್ಧ ಕಾನೂನು ಮಾಡಿತ್ತು. ಥಾಮಸ್ ಮೋರ್ ಎಂಬ ಲೇಖಕನು 1516ರ ತನ್ನ ‘ಯುಟೋಪಿಯಾ’ ಕೃತಿಯಲ್ಲಿ, ಕುರಿಗಳ ಸಲುವಾಗಿ ಮನುಷ್ಯರನ್ನು ನಿರ್ಗತಿಕರನ್ನಾಗಿಸುವುದನ್ನು ಕಟುವಾಗಿ ಖಂಡಿಸಿದನು. 1517ರಲ್ಲಿ ಸರಕಾರ ವಿಚಾರಣಾ ಆಯೋಗವನ್ನೇ ನೇಮಿಸಿತು. ವಾರಮ್ ಪರ್ಸಿಯ ನಾಲ್ಕು ಮನೆಗಳ ವಿಷಯ ಆ ದಾಖಲೆಯಲ್ಲಿ ಸೇರಿತು. ಆದರೆ ಹೋದವರು ಮರಳಲಿಲ್ಲ. ಆ ಊರು ಮತ್ತೆ ಊರಾಗಲಿಲ್ಲ.

ನಮ್ಮ ಕಂದಾಯ ಕಡತಗಳಲ್ಲಿ ಒಂದು ಪದವಿದೆ. ಹೆಸರಿದ್ದು, ಸರ್ವೆ ನಂಬರುಗಳಿದ್ದು, ಜನವಸತಿ ಮಾತ್ರ ಇಲ್ಲದ ಗ್ರಾಮವನ್ನು ‘ಬೇಚರಾಕ್ ಗ್ರಾಮ’ ಎಂದು ಬರೆಯುತ್ತಾರೆ. ತಹಸೀಲ್ದಾರರ ಕಚೇರಿಗೆ ಓಡಾಡಿದವರು ಈ ಮಾತನ್ನು ಕೇಳಿರುತ್ತಾರೆ. ಇದು ಫಾರ್ಸಿಯಿಂದ ಬಂದ ಪದ. ‘ಬೇ’ ಎಂದರೆ ಇಲ್ಲದ, ‘ಚಿರಾಗ್’ ಎಂದರೆ ದೀಪ. ದೀಪ ಹಚ್ಚುವವರಿಲ್ಲದ ಊರು. ಕಡತ ಬರೆಯುವ ಗುಮಾಸ್ತನ ಲೇಖನಿಯಿಂದ ಇಷ್ಟು ದುಃಖದ ಮಾತು ಹೇಗೆ ಬಂತೋ! ಗಾಳಿ ಬೀಸಿ ಆರುವ ದೀಪಗಳಿವೆ. ಪ್ಲೇಗು, ಬರ, ನೆರೆ ಅಂತಹ ಗಾಳಿಗಳು. ಆದರೆ ಕೆಲವು ದೀಪಗಳನ್ನು ಮನುಷ್ಯನೇ ಊದಿ ಆರಿಸುತ್ತಾನೆ. ವಾರಮ್ ಪರ್ಸಿಯ ಕೊನೆಯ ನಾಲ್ಕು ದೀಪಗಳನ್ನು ಆರಿಸಿದ್ದು ಗಾಳಿಯಲ್ಲ.

ಒಂದು ಮಾತು ಇಲ್ಲಿ ಸ್ಪಷ್ಟವಾಗಲಿ. ಕುರಿ ಸಾಕುವುದು ತಪ್ಪಲ್ಲ. ಅಲ್ಲಾಹನು ಕಳುಹಿಸಿದ ಪ್ರವಾದಿಗಳೆಲ್ಲರೂ ಕುರಿ ಮೇಯಿಸಿದವರೆಂದು ಪ್ರವಾದಿವರ್ಯರು(ಸ) ತಿಳಿಸಿದ್ದಾರೆ. ವ್ಯಾಪಾರವೂ ಲಾಭವೂ ಧರ್ಮಸಮ್ಮತವೇ. ಇನ್ನೊಬ್ಬನ ಒಲೆಯ ಬೆಂಕಿಯನ್ನು ಆರಿಸಿ ಆ ಜಾಗದಲ್ಲಿ ಲಾಭವನ್ನು ಬೆಳೆಸಿದ್ದು ತಪ್ಪು. ಅದು ಉಣ್ಣೆಯ ರೂಪದಲ್ಲಿ ಬಂದರೂ, ಅಡಿಕೆಯ ರೂಪದಲ್ಲಿ ಬಂದರೂ, ಬಡಾವಣೆಯ ನಿವೇಶನದ ರೂಪದಲ್ಲಿ ಬಂದರೂ ಒಂದೇ.

ಅಳಿಸಲು ತಂದದ್ದೇ ಉಳಿಸಿತು

ಈಗ ಅಲ್ಲಾಹನ ವ್ಯವಸ್ಥೆಯ ಒಂದು ಸೂಕ್ಷ್ಮವನ್ನು ನೋಡಿರಿ. ಒಂದು ಹಾಳೂರಿನ ಗುರುತು ಬೇಗ ಅಳಿಯುವುದು ನೇಗಿಲಿನಿಂದ. ಜನ ಹೋದ ಮೇಲೆ ಆ ಜಾಗವನ್ನು ಉತ್ತು ಬಿತ್ತಿದ್ದರೆ ದಿಬ್ಬಗಳೆಲ್ಲಾ ಸಮತಟ್ಟಾಗಿ ಹೋಗುತ್ತಿದ್ದವು. ಇಂಗ್ಲೆಂಡಿನ ಎಷ್ಟೋ ಹಾಳೂರುಗಳು 20ನೆಯ ಶತಮಾನದ ಟ್ರ್ಯಾಕ್ಟರ್ ಮತ್ತು ಬುಲ್‌ಡೋಜರ್‌ಗಳಿಗೆ ಸಿಕ್ಕಿ ಹಾಗೆಯೇ ಅಳಿದವು. ವಾರಮ್ ಪರ್ಸಿಯ ಮನೆಗಳ ಜಾಗ ಮಾತ್ರ ಹುಲ್ಲುಗಾವಲಾಗಿಯೇ ಉಳಿಯಿತು. ಹುಲ್ಲು ಮಣ್ಣನ್ನು ಹೊದಿಕೆಯಂತೆ ಹಿಡಿದಿಟ್ಟಿತು. ಯಾವ ಕುರಿಗಳಿಗಾಗಿ ಜನರನ್ನು ಓಡಿಸಲಾಯಿತೋ ಅದೇ ಕುರಿಗಳ ಹುಲ್ಲುಗಾವಲು, ಓಡಿಸಲ್ಪಟ್ಟವರ ಮನೆಯ ಗುರುತುಗಳನ್ನು 500 ವರ್ಷ ಕಾಪಾಡಿತು. ಅನ್ಯಾಯ ಮಾಡಿದವನ ಸ್ವತ್ತೇ ಅವನ ವಿರುದ್ಧ ಸಾಕ್ಷಿಯಾಯಿತು. ಅವನ ಕಾಲದ ಜನ ಮರೆತರು, ಅವನ ವಂಶದವರೂ ಮರೆತಿರಬಹುದು. ನೆಲ ಮರೆಯಲಿಲ್ಲ.

ಸೂರಃ ಝಿಲ್‌ಝಾಲ್‌ನಲ್ಲಿ, ಆ ಮಹಾದಿನದಂದು ಭೂಮಿಯು ತನ್ನ ಸುದ್ದಿಗಳನ್ನೆಲ್ಲಾ ಹೇಳಿಬಿಡುವುದೆಂದು ಅಲ್ಲಾಹನು ತಿಳಿಸುತ್ತಾನೆ. ಆ ಸುದ್ದಿಗಳೇನೆಂದು ಪ್ರವಾದಿವರ್ಯರು(ಸ) ವಿವರಿಸಿದ್ದನ್ನು ಇಮಾಮ್ ತಿರ್ಮಿದಿ ವರದಿ ಮಾಡಿದ್ದಾರೆ. ತನ್ನ ಬೆನ್ನ ಮೇಲೆ ಯಾವ ಪುರುಷ, ಯಾವ ಸ್ತ್ರೀ, ಯಾವ ದಿನ, ಏನು ಮಾಡಿದರೆಂದು ಅದು ಸಾಕ್ಷಿ ನುಡಿಯುವುದು. ಮಾತಿಲ್ಲದ ಮಣ್ಣು ಸಾಕ್ಷಿ ಹೇಳುವುದು ಹೇಗೆಂದು ಸಂದೇಹಪಡುವವರುಂಟು. ಕೈಯಲ್ಲಿ ಕರಣೆ ಹಿಡಿದ ದುರ್ಬಲ ಮನುಷ್ಯನಿಗೇ ಮಣ್ಣು ಇಷ್ಟನ್ನು ಹೇಳುವುದಾದರೆ, ಅದನ್ನು ಸೃಷ್ಟಿಸಿದವನು ಅಪ್ಪಣೆ ಕೊಟ್ಟಾಗ ಅದು ಏನನ್ನು ತಾನೇ ಮುಚ್ಚಿಡಬಲ್ಲದು?

ಹೆಜ್ಜೆಯೂ ಹಾಲೂ

ನೆಲ ಕೆಟ್ಟದ್ದನ್ನು ಮಾತ್ರ ನೆನಪಿಡುತ್ತದೆಂದು ತಿಳಿಯಬೇಡಿ. ಸೂರಃ ಯಾಸೀನ್‌ನ ಆರಂಭದಲ್ಲಿಯೇ, ಜನರು ಮುಂದಕ್ಕೆ ಕಳುಹಿಸಿದ ಕರ್ಮಗಳನ್ನೂ ಹಿಂದೆ ಬಿಟ್ಟುಹೋದ ಗುರುತುಗಳನ್ನೂ ತಾನು ಬರೆದಿಡುತ್ತಿರುವುದಾಗಿ ಅಲ್ಲಾಹನು ಹೇಳಿದ್ದಾನೆ. ಗುರುತು ಎಂಬುದಕ್ಕೆ ಅಲ್ಲಿ ಬಳಸಿದ ಪದ ‘ಆಸಾರ್’. ಹೆಜ್ಜೆಗುರುತಿಗೂ ಅದೇ ಪದ, ಪಳೆಯುಳಿಕೆಗೂ ಅದೇ ಪದ. ಮದೀನಾದಲ್ಲಿ ಬನೂ ಸಲಿಮಃ ಗೋತ್ರದವರ ಮನೆಗಳು ಮಸೀದಿಯಿಂದ ದೂರವಿದ್ದವು. ಅವರು ಮನೆ ಬಿಟ್ಟು ಮಸೀದಿಯ ಹತ್ತಿರಕ್ಕೆ ಬರಲು ಬಯಸಿದರು. ಇದ್ದಲ್ಲಿಯೇ ಇರುವಂತೆ ಪ್ರವಾದಿವರ್ಯರು(ಸ) ಅವರಿಗೆ ಸೂಚಿಸಿ, ಅವರ ಒಂದೊಂದು ಹೆಜ್ಜೆಯ ಗುರುತೂ ಬರೆಯಲ್ಪಡುತ್ತಿದೆಯೆಂದು ಸಮಾಧಾನ ಹೇಳಿದರು. ಒಂದು ಊರಿನ ಬೀದಿ ಪಾದಗಳ ತುಳಿತದಿಂದ ನೆಲದೊಳಗೆ ಇಳಿದುದನ್ನು ನೆನೆದರೆ ಈ ಮಾತು ಎಷ್ಟು ಹತ್ತಿರವಾಗುತ್ತದೆ! ಒಂದು ಹೆಜ್ಜೆಯಿಂದ ಬೀದಿ ತಗ್ಗಾಗುವುದಿಲ್ಲ. ದಿನ ದಿನದ ನಡಿಗೆಯಿಂದ ಆಗುತ್ತದೆ. ನಾವು ದಿನಾಲೂ ಎಲ್ಲಿಗೆ ನಡೆಯುತ್ತೇವೆ? ಮಸೀದಿಗೋ, ರೋಗಿಯ ಮನೆಗೋ, ಚಾಡಿ ಹೇಳುವ ಜಗಲಿಗೋ? ನಮ್ಮ ನಡಿಗೆಯಿಂದಲೂ ಒಂದು ದಾರಿ ಸವೆಯುತ್ತಲೇ ಇದೆ.

ವಾರಮ್ ಪರ್ಸಿಯ ಇಗರ್ಜಿಯ ಗೋಡೆಗಳಲ್ಲಿ ಇನ್ನೊಂದು ಪಾಠವಿದೆ. ಊರಿನಲ್ಲಿ ಜನ ತುಂಬಿದ್ದ ಕಾಲದಲ್ಲಿ ಆ ಕಟ್ಟಡಕ್ಕೆ ಎರಡೂ ಬದಿಗಳಲ್ಲಿ ಕಮಾನುಗಳನ್ನು ತೆರೆದು ಮೊಗಸಾಲೆಗಳನ್ನು ಸೇರಿಸಿದ್ದರು. ಜನ ಕಡಿಮೆಯಾದಂತೆ ಆ ಭಾಗಗಳನ್ನು ಕೆಡವಿ ಕಮಾನುಗಳಿಗೆ ಕಲ್ಲು ತುಂಬಿ ಮುಚ್ಚಿದರು. ಆ ಮುಚ್ಚಿದ ಕಮಾನುಗಳು ಇಂದಿಗೂ ಗೋಡೆಯಲ್ಲಿ ಕಾಣುತ್ತವೆ. 1959ರಲ್ಲಿ ಗೋಪುರದ ಒಂದು ಭಾಗವೂ ಕುಸಿಯಿತು. ನಮ್ಮ ಊರುಗಳಲ್ಲಿ ಮಸೀದಿಗಳು ದೊಡ್ಡವಾಗುತ್ತಿವೆ, ಮಿನಾರಗಳು ಎತ್ತರವಾಗುತ್ತಿವೆ. ಸಂತೋಷದ ವಿಷಯ. ಆದರೆ ಫಜ್ರ್ ನಮಾಝಿನ ಸಫ್ಫುಗಳು ಎಷ್ಟಿವೆ? ಕಟ್ಟಡ ಎಷ್ಟೇ ದೊಡ್ಡದಿದ್ದರೂ ಜನರಿಲ್ಲದಿದ್ದರೆ ಅದು ಕಲ್ಲುಮಣ್ಣು ಮಾತ್ರ.

ಇನ್ನೊಂದು ವಿಷಯವನ್ನು ಸಹೋದರಿಯರು ವಿಶೇಷವಾಗಿ ಗಮನಿಸಬೇಕು. ಆ ಇಗರ್ಜಿಯಲ್ಲಿಯೂ ಅದರ ಆವರಣದ ಸಮಾಧಿಗಳಲ್ಲಿಯೂ ಸುಮಾರು 700 ಜನರ ಅಸ್ಥಿಗಳು ದೊರೆತವು. ವಿಜ್ಞಾನಿಗಳು ಮಕ್ಕಳ ಎಲುಬುಗಳ ರಾಸಾಯನಿಕ ಪರೀಕ್ಷೆ ನಡೆಸಿದರು. ಮಗು ತಾಯಿಯ ಹಾಲು ಕುಡಿಯುವಾಗ ಅದರ ಗುರುತು ಎಲುಬಿನಲ್ಲಿ ಸೇರುತ್ತದೆ, ಹಾಲು ಬಿಟ್ಟ ಮೇಲೆ ಆ ಗುರುತು ಬದಲಾಗುತ್ತದೆ. ಆ ಬಡ ಹಳ್ಳಿಯ ತಾಯಂದಿರು ಮಕ್ಕಳಿಗೆ ಸುಮಾರು ಎರಡು ವರ್ಷದ ಹೊತ್ತಿನವರೆಗೆ ಎದೆಹಾಲು ಉಣಿಸಿದ್ದರೆಂದು ಅದರಿಂದ ತಿಳಿದುಬಂದಿತು. ಹಾಲುಣಿಸುವ ಅವಧಿಯನ್ನು ಪೂರ್ತಿಗೊಳಿಸಬಯಸುವವರಿಗೆ ಪೂರ್ಣ ಎರಡು ವರ್ಷ ಎಂದು ಸೂರಃ ಬಕರಃ(233)ದಲ್ಲಿ ಹೇಳಲಾಗಿರುವುದು ನಿಮಗೆ ನೆನಪಿರಬಹುದು. ತಾಯಿಯ ಹೆಸರು ಹೋಯಿತು, ಭಾಷೆ ಹೋಯಿತು, ಮನೆ ಹೋಯಿತು. ಅವಳು ನಡುರಾತ್ರಿ ಎದ್ದು ಉಣಿಸಿದ ಹಾಲಿನ ಗುರುತು 600-700 ವರ್ಷ ಮಗುವಿನ ಎಲುಬಿನಲ್ಲಿ ಉಳಿಯಿತು. ಗೃಹಿಣಿಯರೇ, ನಿಮ್ಮ ಅಡುಗೆಮನೆಯ ದುಡಿಮೆ, ರೋಗಿಯ ಪಕ್ಕದಲ್ಲಿ ಕಳೆದ ನಿದ್ದೆಗೆಟ್ಟ ರಾತ್ರಿಗಳು ಯಾರ ಕಣ್ಣಿಗೂ ಬೀಳುವುದಿಲ್ಲವೆಂದು ನೊಂದುಕೊಳ್ಳಬೇಡಿ. ಎಲುಬಿನಲ್ಲಿಯೇ ಬರೆದಿಟ್ಟವನು ತನ್ನ ಗ್ರಂಥದಲ್ಲಿ ಬರೆಯದಿರುವನೇ?

ಗಡಿಗಳ ಮಾತು

ಆ ಹಾಳೂರಿನಲ್ಲಿ ಎಲ್ಲಕ್ಕಿಂತ ಸ್ಪಷ್ಟವಾಗಿ ಉಳಿದಿರುವುದು ಮನೆಗಳಲ್ಲ, ಗಡಿಗಳು. ಗೋಡೆ ಬಿದ್ದಿದೆ, ಮಾಡು ಕೊಳೆತಿದೆ. ಒಂದು ಹಿತ್ತಲನ್ನು ಪಕ್ಕದ ಹಿತ್ತಲಿನಿಂದ ಬೇರ್ಪಡಿಸಿದ ಬದುಗಳು ಮಾತ್ರ ಇಂದಿಗೂ ಎದ್ದು ಕಾಣುತ್ತವೆ. ಆ ಬದುಗಳ ಪಕ್ಕದಲ್ಲಿ ನೆರೆಹೊರೆಯವರು ಎಷ್ಟು ಸಲ ಜಗಳವಾಡಿರಬಹುದು! ಇತ್ತ ಒಂದು ಮೊಳ ನನ್ನದು, ಅತ್ತ ಒಂದು ಗೇಣು ನಿನ್ನದು ಎಂದು ಎಷ್ಟು ಕೂಗಾಡಿರಬಹುದು! ಇಂದು ಆ ಗೇಣಿನ ಮೇಲೂ ಈ ಮೊಳದ ಮೇಲೂ ಒಂದೇ ಹುಲ್ಲು ಬೆಳೆದಿದೆ. ಹಕ್ಕುದಾರರಿಬ್ಬರೂ ಅದೇ ಮಣ್ಣಿನ ಕೆಳಗಿದ್ದಾರೆ.

ನಮ್ಮ ಊರುಗಳ ನ್ಯಾಯಾಲಯಗಳಲ್ಲಿ ಜಮೀನಿನ ವ್ಯಾಜ್ಯಗಳಿಗೆ ಕೊನೆಯಿಲ್ಲ. ಅವುಗಳಲ್ಲಿ ನಮ್ಮ ಸಮುದಾಯದವರ ಹೆಸರುಗಳೂ ಸಾಕಷ್ಟಿವೆ. ರಾತ್ರೋರಾತ್ರಿ ಬಾಂದು ಕಲ್ಲು ಕಿತ್ತು ಎರಡು ಅಡಿ ಆಚೆ ನೆಡುವವರಿದ್ದಾರೆ. ಪ್ರತಿ ಉಳುಮೆಯಲ್ಲಿ ಬದುವಿನ ಅಂಚನ್ನು ಒಂದೊಂದು ಸಾಲು ಕತ್ತರಿಸುತ್ತಾ ನೆರೆಯವನ ಹೊಲಕ್ಕೆ ನುಗ್ಗುವವರಿದ್ದಾರೆ. ಸಾರ್ವಜನಿಕ ದಾರಿಯನ್ನು ಕಾಂಪೌಂಡಿನೊಳಗೆ ಸೇರಿಸಿಕೊಂಡು ಅದೇ ಕಾಂಪೌಂಡಿನ ಗೇಟಿಗೆ ‘ಮಾಷಾ ಅಲ್ಲಾಹ್’ ಎಂದು ಬರೆಸುವವರಿದ್ದಾರೆ. ಒಂದು ಗೇಣು ನೆಲವನ್ನು ಅನ್ಯಾಯವಾಗಿ ಕಬಳಿಸಿದವನ ಕೊರಳಿಗೆ ಏಳು ಭೂಮಿಗಳ ಭಾರವನ್ನು ತೊಡಿಸಲಾಗುವುದೆಂಬ ಪ್ರವಾದಿ ವಚನ ಬುಖಾರಿ ಮತ್ತು ಮುಸ್ಲಿಮ್ ಗ್ರಂಥಗಳಲ್ಲಿದೆ. ಭೂಮಿಯ ಗಡಿಗುರುತನ್ನು ಬದಲಿಸುವವನ ಮೇಲೆ ಅಲ್ಲಾಹನ ಶಾಪವಿದೆಯೆಂಬ ವಚನವನ್ನು ಹ. ಅಲಿ(ರ) ವರದಿ ಮಾಡಿದ್ದಾರೆ.

ಹ. ಸಈದ್ ಬಿನ್ ಝೈದ್(ರ) ಸ್ವರ್ಗದ ಸುವಾರ್ತೆ ಪಡೆದ ಹತ್ತು ಮಂದಿಯಲ್ಲಿ ಒಬ್ಬರು. ಅವರು ತನ್ನ ಜಾಗವನ್ನು ಕಬಳಿಸಿದ್ದಾರೆಂದು ಒಬ್ಬ ಮಹಿಳೆ ರಾಜ್ಯಪಾಲ ಮರ್ವಾನ್‌ನ ಬಳಿ ಸುಳ್ಳು ದೂರು ಕೊಟ್ಟಳು. ಏಳು ಭೂಮಿಗಳ ಆ ವಚನವನ್ನು ಪ್ರವಾದಿವರ್ಯರಿಂದ(ಸ) ತಾನೇ ಕೇಳಿರುವಾಗ ಇನ್ನೊಬ್ಬರ ನೆಲವನ್ನು ಮುಟ್ಟುವುದುಂಟೇ ಎಂದು ಅವರು ಉತ್ತರಿಸಿದರು. ಬಳಿಕ ವಾದಕ್ಕೆ ನಿಲ್ಲದೆ, ಆ ಜಾಗವನ್ನು ಅವಳಿಗೇ ಬಿಟ್ಟುಬಿಡಿರೆಂದು ಹೇಳಿ ವಿಷಯವನ್ನು ಅಲ್ಲಾಹನಿಗೆ ಒಪ್ಪಿಸಿದರು. ತನ್ನದಾಗಿದ್ದ ನೆಲವನ್ನೇ ಬಿಟ್ಟುಕೊಟ್ಟವರು ಅವರು. ನಾವೋ ನಮ್ಮದಲ್ಲದ ನೆಲಕ್ಕಾಗಿ ಸುಳ್ಳು ಪ್ರಮಾಣ ಮಾಡಲು ಸಿದ್ಧರಾಗುತ್ತೇವೆ.

ಮನೆಯೊಳಗಿನ ಒಕ್ಕಲೆಬ್ಬಿಸುವಿಕೆ

ನೆರೆಯವನ ಬದುವನ್ನು ಮುಟ್ಟದ ಸಜ್ಜನರೂ ಎಡವುವ ಒಂದು ಜಾಗವಿದೆ. ಅದು ಸಹೋದರಿಯ ಪಾಲು. ಈ ಲೇಖನದಲ್ಲಿ ಬೇರೆಲ್ಲವನ್ನೂ ಮರೆತರೂ ಇದೊಂದನ್ನು ಮರೆಯಬೇಡಿರಿ.

ತಂದೆ ತೀರಿಕೊಳ್ಳುತ್ತಾರೆ. ನಲ್ವತ್ತು ದಿನ ಕಳೆಯುವ ಮೊದಲೇ ಅಣ್ಣತಮ್ಮಂದಿರು ಕುಳಿತು ಪಾಲುಪಟ್ಟಿ ಬರೆಸುತ್ತಾರೆ. ಅಕ್ಕತಂಗಿಯರನ್ನು ಕರೆಸಿ ಊಟ ಹಾಕಿ, ಒಂದೊಂದು ಸೀರೆ ಕೊಟ್ಟು, ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸುತ್ತಾರೆ. ‘ನಿನ್ನ ಮದುವೆಗೆ ಖರ್ಚು ಮಾಡಿದೆವಲ್ಲಾ’ ಎನ್ನುತ್ತಾರೆ. ‘ತವರು ಮನೆಯ ಬಾಗಿಲು ನಿನಗೆ ತೆರೆದಿರಬೇಕೋ ಬೇಡವೋ’ ಎಂದು ಮೆಲ್ಲಗೆ ಹೇಳುತ್ತಾರೆ. ತಂಗಿ ತಲೆ ತಗ್ಗಿಸಿ ಸಹಿ ಹಾಕುತ್ತಾಳೆ. ಅವಳು ಒಪ್ಪಿದಳೆಂದು ಎಲ್ಲರೂ ಹೇಳುತ್ತಾರೆ. ಅದು ಒಪ್ಪಿಗೆಯೇ? ತವರನ್ನು ಕಳಕೊಳ್ಳುವ ಭಯದಿಂದ ಹಾಕಿದ ಸಹಿ ಸಬ್‌ರಿಜಿಸ್ಟ್ರಾರರ ಕಚೇರಿಯಲ್ಲಿ ನಡೆಯಬಹುದು, ಅಲ್ಲಾಹನ ಬಳಿ ನಡೆಯುವುದೇ?

ತಂದೆತಾಯಿಯೂ ಆಪ್ತಬಂಧುಗಳೂ ಬಿಟ್ಟುಹೋದ ಸೊತ್ತಿನಲ್ಲಿ, ಅದು ಕಡಿಮೆಯಿರಲಿ ಹೆಚ್ಚಿರಲಿ, ಪುರುಷರಿಗಿರುವಂತೆ ಸ್ತ್ರೀಯರಿಗೂ ನಿಶ್ಚಿತ ಪಾಲಿದೆಯೆಂದು ಸೂರಃ ನಿಸಾ(7) ಘೋಷಿಸುತ್ತದೆ. ಯಾರಿಗೆ ಎಷ್ಟೆಂಬ ಲೆಕ್ಕವನ್ನೂ ಅಲ್ಲಾಹನೇ ಕೊಟ್ಟಿದ್ದಾನೆ. ಸಾಲ ಮತ್ತು ವಸಿಯ್ಯತ್ ತೀರಿದ ಮೇಲೆ ಆ ಲೆಕ್ಕದಂತೆ ಹಂಚಬೇಕು. ಆ ಲೆಕ್ಕವನ್ನು ಕೊಟ್ಟು ಮುಗಿಸಿದ ಕೂಡಲೇ ಬರುವ ಸೂಕ್ತದಲ್ಲಿ ಇವುಗಳನ್ನು ಅಲ್ಲಾಹನ ‘ಹುದೂದ್’ ಎಂದು ಕರೆಯಲಾಗಿದೆ. ಹುದೂದ್ ಎಂದರೆ ಗಡಿಗಳು. ಅಂದರೆ ತಂಗಿಯ ಪಾಲು ಅಲ್ಲಾಹನೇ ನೆಟ್ಟ ಬಾಂದು ಕಲ್ಲು. ಅದನ್ನು ಕಿತ್ತವನಿಗೆ ನರಕದ ಎಚ್ಚರಿಕೆಯೂ ಅಲ್ಲಿಯೇ ಇದೆ. ಹಜ್ಜ್ ನಿರ್ವಹಿಸಿ ಬಂದವರೂ, ಮಸೀದಿಯ ಕಮಿಟಿಯಲ್ಲಿ ಕುಳಿತವರೂ ಈ ಕಲ್ಲನ್ನು ಕೀಳುತ್ತಿದ್ದಾರೆ ಎಂಬುದು ನಮ್ಮ ಸಮುದಾಯದ ದೊಡ್ಡ ನೋವು.

ವಾರಮ್ ಪರ್ಸಿಯ ಒಡೆಯನು ತನ್ನ ಒಕ್ಕಲಿನವರನ್ನು ಹೊರಹಾಕಿದನೆಂದು ನಾವು ಮರುಗುತ್ತೇವೆ. ಒಂದೇ ತಾಯಿಯ ಹಾಲು ಕುಡಿದವಳನ್ನು ಅವಳ ತಂದೆಯ ನೆಲದಿಂದ ಹೊರಹಾಕಿದವನು ಆ ಒಡೆಯನಿಗಿಂತ ಹೇಗೆ ಉತ್ತಮನಾದಾನು? ಅವನು ನಾಲ್ಕು ಮನೆಗಳ ದೀಪ ಆರಿಸಿದನು. ಇವನು ತನ್ನ ಮನೆಯದೇ ದೀಪವನ್ನು ಊದಿದನು.

ಆದುದರಿಂದ ಇಂದೇ ಒಂದು ಕೆಲಸ ಮಾಡಿರಿ. ನಿಮ್ಮ ತಂದೆ ಅಥವಾ ಅಜ್ಜ ಬಿಟ್ಟುಹೋದ ಆಸ್ತಿಯ ಪಹಣಿ, ಖಾತೆ, ಪಾಲುಪಟ್ಟಿಗಳನ್ನು ಹೊರತೆಗೆಯಿರಿ. ಅದರಲ್ಲಿ ಅಕ್ಕತಂಗಿಯರ, ಅತ್ತೆಯಂದಿರ ಹೆಸರಿದೆಯೇ ನೋಡಿರಿ. ಇಲ್ಲದಿದ್ದರೆ ಏಕಿಲ್ಲವೆಂದು ನಿಮ್ಮನ್ನೇ ಕೇಳಿಕೊಳ್ಳಿರಿ. ಬಲ್ಲ ಉಲಮಾರಲ್ಲಿ ಲೆಕ್ಕ ಮಾಡಿಸಿರಿ. ಜಾಗವನ್ನೇ ಕೊಡಲಾಗದಿದ್ದರೆ ಈಗಿನ ನ್ಯಾಯವಾದ ಬೆಲೆ ಕಟ್ಟಿ ಅವರನ್ನು ಒಪ್ಪಿಸಿರಿ. ಒಮ್ಮೆಲೇ ಆಗದಿದ್ದರೆ ಕಂತುಗಳಲ್ಲಿ ಕೊಡಿರಿ, ಆದರೆ ಬರೆದು ಕೊಡಿರಿ. ಅವರು ತೀರಿಕೊಂಡಿದ್ದರೆ ಅವರ ಮಕ್ಕಳಿಗೆ ತಲುಪಿಸಿರಿ. ಪಾಲು ಕೊಟ್ಟ ಮೇಲೆಯೂ ತವರಿನ ಬಾಗಿಲು ತೆರೆದೇ ಇರಲಿ. ಪಾಲು ಹಕ್ಕು, ತವರಿನ ಪ್ರೀತಿ ಬೇರೆಯೇ ಬಾಧ್ಯತೆ. ಒಂದನ್ನು ಕೊಟ್ಟು ಇನ್ನೊಂದನ್ನು ಕಿತ್ತುಕೊಳ್ಳುವುದು ವ್ಯಾಪಾರವಲ್ಲದೆ ಕುಟುಂಬ ಸಂಬಂಧವಲ್ಲ. ಸಹೋದರಿಯರೂ ತಮ್ಮ ಪಾಲನ್ನು ಕೇಳುವುದು ನಾಚಿಕೆಯ ವಿಷಯವೆಂದು ತಿಳಿಯಬಾರದು. ಅಲ್ಲಾಹನು ಕೊಟ್ಟದ್ದನ್ನು ಕೇಳುವುದರಲ್ಲಿ ನಾಚಿಕೆಯಿಲ್ಲ, ಅದನ್ನು ತಡೆಹಿಡಿಯುವುದರಲ್ಲಿದೆ.

ಯಾವ ಗುರುತು ಬಿಡೋಣ?

ಸೂರಃ ಹಜ್ಜ್‌ನ 45ನೆಯ ಸೂಕ್ತದಲ್ಲಿ ಅಲ್ಲಾಹನು ಪಾಳುಬಿದ್ದ ಬಾವಿಯನ್ನೂ ಬರಿದಾದ ಎತ್ತರದ ಸೌಧವನ್ನೂ ಜೊತೆಜೊತೆಯಾಗಿ ನೆನಪಿಸುತ್ತಾನೆ. ಮರುಸೂಕ್ತದಲ್ಲಿಯೇ, ಕುರುಡಾಗುವುದು ಹಣೆಯ ಕೆಳಗಿನ ಕಣ್ಣುಗಳಲ್ಲ, ಎದೆಯೊಳಗಿನ ಹೃದಯಗಳು ಎಂಬ ಎಚ್ಚರಿಕೆ ಬರುತ್ತದೆ. ದಾರಿಯ ಬದಿಯ ಒಂದು ದಿಬ್ಬವನ್ನು ಕಾಣಲು ಕಣ್ಣು ಸಾಕು. ಅದರಲ್ಲಿ ತನ್ನ ನಾಳೆಯನ್ನು ಕಾಣಲು ಹೃದಯ ಬೇಕು. ಒಂದು ಊರಿನ ಜನರು ಸುಧಾರಕರಾಗಿರುವಾಗ ಅಲ್ಲಾಹನು ಆ ಊರನ್ನು ಅನ್ಯಾಯವಾಗಿ ನಾಶಮಾಡುವವನಲ್ಲ ಎಂಬ ಭರವಸೆಯೂ ಸೂರಃ ಹೂದ್‌ನಲ್ಲಿಯೇ(117) ಇದೆ.

ನಮ್ಮ ಮನೆಗಳೂ ಒಂದು ದಿನ ದಿಬ್ಬಗಳಾಗುವುವು. ಕಾಂಕ್ರೀಟಿನ ಮನೆಯೂ ಅಷ್ಟೇ, ಹಂಚಿನ ಮನೆಯೂ ಅಷ್ಟೇ. ಗುರುತು ಉಳಿಯುವುದಂತೂ ಖಂಡಿತ. ಎಂತಹ ಗುರುತು ಎಂಬುದಷ್ಟೇ ನಮ್ಮ ಕೈಯಲ್ಲಿದೆ. ಒಬ್ಬನು ನೆಟ್ಟ ಗಿಡದಿಂದ ಮನುಷ್ಯನಾಗಲಿ, ಹಕ್ಕಿಯಾಗಲಿ, ಪ್ರಾಣಿಯಾಗಲಿ ತಿಂದರೆ ಅದು ಅವನ ಪಾಲಿಗೆ ದಾನವಾಗುವುದೆಂದು ಪ್ರವಾದಿವರ್ಯರು(ಸ) ಕಲಿಸಿದರು. ನಾವು ತೋಡಿಸಿದ ಬಾವಿ, ಬಿಟ್ಟುಕೊಟ್ಟ ದಾರಿ, ತಲುಪಿಸಿದ ಪಾಲು, ಉಣಿಸಿದ ಹಾಲು, ಮಸೀದಿಗೆ ನಡೆದ ಹೆಜ್ಜೆ ಇವೆಲ್ಲವೂ ನೆಲದ ನೆನಪಿನಲ್ಲಿ ಸೇರಲಿ. ಕಿತ್ತ ಕಲ್ಲು, ನುಂಗಿದ ಗೇಣು, ಬಲವಂತದ ಸಹಿ ಅದರಲ್ಲಿ ಈಗಾಗಲೇ ಸೇರಿದ್ದರೆ, ತೌಬಾದ ಬಾಗಿಲು ಇನ್ನೂ ಮುಚ್ಚಿಲ್ಲ. ಆದರೆ ಮನುಷ್ಯನ ಹಕ್ಕಿನ ವಿಷಯದಲ್ಲಿ ನಾಲಿಗೆಯ ತೌಬಾ ಸಾಲದು, ಹಕ್ಕನ್ನು ಮರಳಿಸಲೇಬೇಕು.

ಅಲ್ಲಾಹನೇ, ಭೂಮಿಯು ತನ್ನ ಸುದ್ದಿಗಳನ್ನು ಹೇಳುವ ದಿನ ನಮ್ಮ ಬಗ್ಗೆ ಅದು ಒಳ್ಳೆಯದನ್ನು ಹೇಳುವಂತೆ ಮಾಡು. ಇತರರ ನೆಲದ ಭಾರವನ್ನು ನಮ್ಮ ಕೊರಳಿಗೆ ಬೀಳಿಸಬೇಡ. ನಮ್ಮ ಮನೆಗಳಲ್ಲಿ ನ್ಯಾಯದ ದೀಪವನ್ನು ಆರದಂತೆ ಕಾಪಾಡು. ಆಮೀನ್.